ನಡೆದರೂ ತೂಕ ಇಳಿಯದವರಿಗೆ ಹಸಿವಿನ ಲೆಕ್ಕ

"ಮೂರು ತಿಂಗಳಾಯ್ತು ಡಾಕ್ಟ್ರೇ, ಒಂದು ದಿನ ತಪ್ಪಿಸದೆ ವಾಕಿಂಗ್ ಹೋಗ್ತಿದ್ದೀನಿ. ತೂಕ ಮಾತ್ರ ಅಲ್ಲೇ ನಿಂತಿದೆ." ಈ ದೂರು ಕೇಳದ ವೈದ್ಯರು ನಮ್ಮಲ್ಲಿ ಇರಲಾರರು. ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ನಡೆದದ್ದೂ ನಿಜ, ತೂಕದ ಯಂತ್ರ ಅಲ್ಲಾಡದಿರುವುದೂ ನಿಜ. ಕೆಲವರು ಬೇಸತ್ತು ನಡಿಗೆಯನ್ನೇ ಬಿಡುತ್ತಾರೆ. ಇನ್ನು ಕೆಲವರು ಛಲಕ್ಕೆ ಬಿದ್ದು ಅರ್ಧ ಗಂಟೆಯನ್ನು ಒಂದೂವರೆ ಗಂಟೆಗೆ ಏರಿಸಿ ಮಂಡಿನೋವು ತಂದುಕೊಳ್ಳುತ್ತಾರೆ. ಇಬ್ಬರೂ ವ್ಯಾಯಾಮ ಕೊಡಲಾರದ್ದನ್ನು ಅದರಿಂದ ಕೇಳುತ್ತಾ, ಅದು ಕೊಡಬಲ್ಲದ್ದನ್ನು ಪಡೆಯದೆ ಕೂತಿದ್ದಾರೆ. ಎಪ್ಪತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ನಡಿಗೆ ಸುಡುವ ಕ್ಯಾಲರಿ ಅಲ್ಪ, ಹಸಿವನ್ನು ಹದಕ್ಕೆ ತರುವ ಅದರ ಶಕ್ತಿ ದೊಡ್ಡದು. ತೂಕ ಇಳಿಸಬೇಕೆನ್ನುವವರು ಎರಡನೆಯದನ್ನು ನಂಬಿ ದಿನಚರಿ ಕಟ್ಟಿಕೊಳ್ಳುವುದು ಒಳ್ಳೆಯದು.

ಮೊದಲು ಅಲ್ಪ ಎಂದದ್ದರ ಲೆಕ್ಕ. 70 ಕಿಲೋ ತೂಗುವವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಹೆಚ್ಚುಕಡಿಮೆ 180 ಕ್ಯಾಲರಿ ಖರ್ಚಾಗುತ್ತದೆ. ಅದೇ ಹೊತ್ತು ಸೋಫಾದ ಮೇಲೆ ಕೂತಿದ್ದರೂ ಸುಮಾರು 50 ಖರ್ಚಾಗುತ್ತಿತ್ತು, ಏಕೆಂದರೆ ಹೃದಯ, ಮಿದುಳು, ಪಿತ್ತಜನಕಾಂಗಗಳಿಗೆ ರಜೆಯಿಲ್ಲ. ಅಂದರೆ ನಡಿಗೆಯಿಂದ ಹೆಚ್ಚುವರಿಯಾಗಿ ಕರಗಿದ್ದು 130. ಲಾಲ್‌ಬಾಗಿನಲ್ಲಿ ಸುತ್ತು ಮುಗಿಸಿ ಹೊರಗೆ ಬಂದು ಬೆಣ್ಣೆ ಮಸಾಲೆ ದೋಸೆ, ಸಕ್ಕರೆ ಹಾಕಿದ ಕಾಫಿ ಮುಗಿಸಿದರೆ ಅದರ ಮೂರು ಪಟ್ಟಾದರೂ ಒಳಗೆ ಹೋಗಿರುತ್ತದೆ. ಕೈಗೆ ಕಟ್ಟಿಕೊಂಡ ಸ್ಮಾರ್ಟ್‌ವಾಚ್ 300 ಎಂದು ತೋರಿಸಿದೆಯಲ್ಲ ಎಂದು ವಾದಿಸಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿಬಡಿತವನ್ನು ಬಹುಪಾಲು ಸಾಧನಗಳು ಸರಿಯಾಗಿಯೇ ಹೇಳಿದವು. ಕ್ಯಾಲರಿಯ ವಿಷಯದಲ್ಲಿ ಇದ್ದುದರಲ್ಲಿ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತು, ಅತಿ ಕೆಟ್ಟದ್ದು ಶೇ 93ರಷ್ಟು. ಆ ಅಂಕಿಯನ್ನು ನಂಬಿ ಜಾಮೂನು ತಿನ್ನುವುದು ದುಬಾರಿ.

ಹಾಗಾದರೆ ಹೆಚ್ಚು ಹೊತ್ತು ನಡೆದರಾಯಿತಲ್ಲ? ಟಿಮೊತಿ ಚರ್ಚ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮುಟ್ಟು ನಿಂತ, ತೂಕ ಹೆಚ್ಚಿದ್ದ 464 ಹೆಂಗಸರನ್ನು ಗುಂಪುಗಳಾಗಿ ವಿಂಗಡಿಸಿ ಆರು ತಿಂಗಳು ಗಮನಿಸಿದರು. ಒಂದು ಗುಂಪಿಗೆ ವಾರಕ್ಕೆ ಸುಮಾರು 72 ನಿಮಿಷ ವ್ಯಾಯಾಮ, ಇನ್ನೊಂದಕ್ಕೆ 136, ಮತ್ತೊಂದಕ್ಕೆ 194. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮೂರು ಗುಂಪುಗಳು ಕಳೆದುಕೊಂಡ ತೂಕ ಕ್ರಮವಾಗಿ 1.4, 2.1 ಮತ್ತು 1.5 ಕಿಲೋ. ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದವರಿಗೆ ಸಿಕ್ಕಿದ್ದು ಲೆಕ್ಕದ ಪ್ರಕಾರ ಸಿಗಬೇಕಾದುದರ ಅರ್ಧ ಮಾತ್ರ. ಉಳಿದರ್ಧವನ್ನು ದೇಹ ಯಾವುದೋ ದಾರಿಯಲ್ಲಿ ವಾಪಸು ಪಡೆದುಕೊಂಡಿತ್ತು.

ಆ ದಾರಿಗಳು ಮುಖ್ಯವಾಗಿ ಎರಡು. ಒಂದು, ಗೊತ್ತಿಲ್ಲದೆಯೇ ಒಂದು ತುತ್ತು ಹೆಚ್ಚು ತಿನ್ನುವುದು. ಇನ್ನೊಂದು, ಬೇರೆ ಕಡೆ ಖರ್ಚು ಇಳಿಸುವುದು. ಹರ್ಮನ್ ಪಾಂಟ್ಸರ್ ಎಂಬ ಮಾನವಶಾಸ್ತ್ರಜ್ಞರು ತಾಂಜಾನಿಯದ ಹಾಡ್ಜಾ ಬೇಟೆಗಾರರ ನಡುವೆ ಮಾಡಿದ ಅಧ್ಯಯನ 2012ರಲ್ಲಿ ಹೊರಬಂದಾಗ ಈ ಕ್ಷೇತ್ರದವರೇ ಬೆಚ್ಚಿದರು. ಭಾರವಾದ ಜಲಜನಕ, ಆಮ್ಲಜನಕ ಬೆರೆತ ವಿಶೇಷ ನೀರು ಕುಡಿಸಿ, ಮೂತ್ರದಲ್ಲಿ ಅವು ಎಷ್ಟು ವೇಗವಾಗಿ ಹೊರಹೋಗುತ್ತವೆ ಎಂದು ಅಳೆದು ದಿನದ ಒಟ್ಟು ಖರ್ಚು ತಿಳಿಯುವ ವಿಧಾನ ಅದು. ದಿನವಿಡೀ ಗೆಡ್ಡೆ ಅಗೆದು, ಬೇಟೆಯ ಹಿಂದೆ ಅಲೆಯುವ ಹಾಡ್ಜಾ ಜನ ಖರ್ಚು ಮಾಡುತ್ತಿದ್ದ ಶಕ್ತಿ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಕಚೇರಿಯಲ್ಲಿ ಕೂರುವ ಅಮೆರಿಕನ್ನರಷ್ಟೇ ಇತ್ತು! ಚಟುವಟಿಕೆ ಏರುತ್ತಾ ಹೋದಂತೆ ಒಂದು ಹಂತದ ನಂತರ ದೇಹ ಒಳಗಿನ ಬೇರೆ ಕೆಲಸಗಳಲ್ಲಿ ಮಿತವ್ಯಯ ಮಾಡುತ್ತದೆ ಎಂಬುದು ಪಾಂಟ್ಸರ್ ವಾದ. ಇದನ್ನು ಪೂರ್ತಿ ಒಪ್ಪದ ವಿಜ್ಞಾನಿಗಳಿದ್ದಾರೆ. ಆದರೆ ಬೆವರಿಗೂ ತೂಕಕ್ಕೂ ನೇರ ವ್ಯಾಪಾರವಿಲ್ಲ ಎಂಬುದರಲ್ಲಿ ಈಗ ಹೆಚ್ಚಿನ ತಕರಾರಿಲ್ಲ. "ನಲವತ್ತಾದ ಮೇಲೆ ಮೆಟಬಾಲಿಸಂ ಬಿದ್ದುಹೋಗುತ್ತದೆ" ಎಂಬ ಸಬೂಬನ್ನೂ ಇಲ್ಲೇ ಬಿಡಬಹುದು: 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಇದೇ ವಿಧಾನದಲ್ಲಿ ಅಳೆದ 2021ರ ಅಧ್ಯಯನ, ಇಪ್ಪತ್ತರಿಂದ ಅರವತ್ತರ ತನಕ ಅದು ಬಹುತೇಕ ಸ್ಥಿರವಾಗಿರುತ್ತದೆ ಎಂದು ತೋರಿಸಿದೆ.

ಸೆಣಬಿನ ಗಿರಣಿಯಲ್ಲಿ ಕಂಡದ್ದು

ಈಗ ದೊಡ್ಡದು ಎಂದ ವಿಷಯಕ್ಕೆ ಬರೋಣ. ಅದರ ಮೊದಲ ಒಳ್ಳೆಯ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ, ಕೋಲ್ಕತ್ತದ ಹತ್ತಿರ ಚೆಂಗೈಲ್‌ನ ಸೆಣಬಿನ ಗಿರಣಿಯೊಂದರಲ್ಲಿ. ಹಾರ್ವರ್ಡಿನ ಜೀನ್ ಮೇಯರ್ ಮತ್ತು ಬಂಗಾಳಿ ಸಹೋದ್ಯೋಗಿಗಳು ಅಲ್ಲಿನ 213 ಗಂಡಸರು ಏನು ತಿನ್ನುತ್ತಾರೆ, ಎಷ್ಟು ತೂಗುತ್ತಾರೆ, ಎಂಥ ಕೆಲಸ ಮಾಡುತ್ತಾರೆ ಎಂದು ಪಟ್ಟಿ ಮಾಡಿ 1956ರಲ್ಲಿ ಪ್ರಕಟಿಸಿದರು. ಅಂಗಡಿಯಲ್ಲಿ ಕೂತಿರುವವರು, ಮೇಲ್ವಿಚಾರಕರು, ಗುಮಾಸ್ತರಿಂದ ಹಿಡಿದು ಮೂಟೆ ಹೊರುವ ಕೂಲಿಗಳ ತನಕ ಎಲ್ಲರೂ ಆ ಪಟ್ಟಿಯಲ್ಲಿದ್ದರು. ಹಗುರ ಕೆಲಸದಿಂದ ಭಾರದ ಕೆಲಸದತ್ತ ಹೋದಂತೆ ಊಟ ಹೆಚ್ಚಿತ್ತು, ತೂಕ ಹೆಚ್ಚಿರಲಿಲ್ಲ. ಅದು ನಿರೀಕ್ಷಿತವೇ. ಅಚ್ಚರಿ ಇದ್ದದ್ದು ಪಟ್ಟಿಯ ಇನ್ನೊಂದು ತುದಿಯಲ್ಲಿ. ದಿನವಿಡೀ ಕೂತೇ ಇರುವವರು ಹಗುರ ಕೆಲಸದವರಿಗಿಂತ ಹೆಚ್ಚು, ಸುಮಾರಾಗಿ ಮೂಟೆ ಹೊರುವವರಷ್ಟೇ ತಿನ್ನುತ್ತಿದ್ದರು. ಎಲ್ಲರಿಗಿಂತ ದಪ್ಪಗೂ ಇದ್ದರು.

ಮೇಯರ್ ಓದಿಕೊಂಡದ್ದು ಹೀಗೆ: ದೇಹ ಸ್ವಲ್ಪವಾದರೂ ಅಲ್ಲಾಡುತ್ತಿದ್ದರೆ ಹಸಿವು ಖರ್ಚಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಅಲ್ಲಾಟ ತೀರಾ ನಿಂತರೆ ಹಸಿವೂ ಅದರ ಜೊತೆ ಇಳಿಯಬೇಕಿತ್ತು, ಇಳಿಯುವುದಿಲ್ಲ. ಅದರ ಕಡಿವಾಣವೇ ಕಳಚಿಬೀಳುತ್ತದೆ. ಒಂದು ಗಿರಣಿಯ ಒಂದು ಕಾಲದ ಚಿತ್ರ ಅದು. ಅಂಗಡಿಯವನ ಕೈಯಲ್ಲಿ ದುಡ್ಡಿತ್ತು, ಎದುರಿಗೇ ತಿಂಡಿಯಿತ್ತು ಎಂದು ವಾದಿಸಲೂಬಹುದು. ಆದರೂ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಬೋಲಿಯೊ, ಜಾನ್ ಬ್ಲಂಡೆಲ್ ಮೊದಲಾದವರು 2016ರಲ್ಲಿ ನಂತರದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಾಗ ಬಹುಪಾಲು ಅಧ್ಯಯನಗಳಲ್ಲಿ ನಡುವೆ ತಗ್ಗಿ ಎರಡೂ ತುದಿಗಳಲ್ಲಿ ಊಟ ಏರುವ ಅದೇ ಬಾಗಿದ ಗೆರೆ ಕಾಣಿಸಿತು.

ಇನ್ನೊಂದು ಪ್ರಯೋಗ ಇದಕ್ಕಿಂತ ಸೊಗಸಾದದ್ದು. 2002ರಲ್ಲಿ ಬ್ರಿಟನ್ನಿನ ಸಂಶೋಧಕರು ಕೆಲವರಿಗೆ ಊಟಕ್ಕೆ ಮುಂಚೆ ಒಂದು ಪೇಯ ಕೊಟ್ಟರು. ಒಂದು ದಿನ ಅದರಲ್ಲಿ ಕ್ಯಾಲರಿ ಕಡಿಮೆ, ಇನ್ನೊಂದು ದಿನ ನಾಲ್ಕು ಪಟ್ಟು. ಕುಡಿಯುವವರಿಗೆ ಇದು ತಿಳಿಯದಂತೆ ನೋಡಿಕೊಂಡಿದ್ದರು. ವ್ಯಾಯಾಮದ ಅಭ್ಯಾಸವಿದ್ದವರು ಭಾರೀ ಪೇಯ ಕುಡಿದ ದಿನ ತಾವಾಗಿಯೇ ಊಟ ಕಡಿಮೆ ಮಾಡಿದರು. ಅಭ್ಯಾಸವಿಲ್ಲದವರು ಎರಡೂ ದಿನ ಒಂದೇ ಸಮ ಉಂಡರು. ಮದುವೆಮನೆಯಲ್ಲಿ ಮಧ್ಯಾಹ್ನ ಹೋಳಿಗೆ ಊಟ ಹೊಡೆದು ಬಂದ ರಾತ್ರಿ "ಇವತ್ತು ಬರೀ ಮಜ್ಜಿಗೆ ಸಾಕು" ಎನ್ನಿಸುವವರೂ ಇದ್ದಾರೆ, ಎಂಟು ಗಂಟೆಗೆ ಯಥಾಪ್ರಕಾರ ತಟ್ಟೆ ಮುಂದೆ ಕೂರುವವರೂ ಇದ್ದಾರೆ. ವ್ಯತ್ಯಾಸವನ್ನು ನಾವು ಮನೋಬಲಕ್ಕೆ ಹಚ್ಚಿಬಿಡುತ್ತೇವೆ. ಅದರಲ್ಲಿ ಒಂದು ಪಾಲು ಕಾಲಿನದು.

ರಕ್ತದಲ್ಲಿ ನಡೆಯುವುದೇನು?

ಹಸಿವಿನ ರಾಸಾಯನಿಕ ಸಂದೇಶವಾಹಕಗಳು ತಿಳಿದದ್ದು ಇತ್ತೀಚೆಗೆ. ಕೊಬ್ಬಿನ ಕೋಶಗಳಿಂದ ಹೊರಟು "ದಾಸ್ತಾನು ಸಾಕಷ್ಟಿದೆ" ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಅನ್ನು ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಪತ್ತೆ ಮಾಡಿತು. ಖಾಲಿ ಹೊಟ್ಟೆಯಿಂದ ಹೊರಟು ಹಸಿವು ಕೆರಳಿಸುವ ಘ್ರೆಲಿನ್ ಅನ್ನು 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಗುರುತಿಸಿದರು. ಕರುಳಿನಲ್ಲಿ ತಯಾರಾಗಿ "ಸಾಕು" ಎನ್ನುವ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳೂ ಇವೆ. ಓಟ, ವೇಗದ ಸೈಕಲ್ ಸವಾರಿಯಂಥ ಬಿರುಸಿನ ವ್ಯಾಯಾಮ ಮಾಡುವಾಗ ಘ್ರೆಲಿನ್ ಇಳಿಯುತ್ತದೆ, ಸಾಕೆನ್ನುವವು ಏರುತ್ತವೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಊಟ ಬೇಡವೆನಿಸುವುದು ಇದಕ್ಕೇ. ಸ್ಟ್ಯಾನ್‌ಫರ್ಡಿನ ಜೊನಾಥನ್ ಲಾಂಗ್ ಮತ್ತು ಬೇಲರ್ ವೈದ್ಯಕೀಯ ಕಾಲೇಜಿನ ಯಾಂಗ್ ಶೂ ತಂಡ 2022ರಲ್ಲಿ ಇನ್ನೂ ಒಂದನ್ನು ಸೇರಿಸಿತು: ಬಿರುಸಿನ ವ್ಯಾಯಾಮದಲ್ಲಿ ಸ್ನಾಯುಗಳು ಸುರಿಸುವ ಲ್ಯಾಕ್ಟೇಟ್ ಒಂದು ಅಮೈನೋ ಆಮ್ಲದ ಜೊತೆ ಕೂಡಿ ಆಗುವ ಲ್ಯಾಕ್-ಫಿ ಎಂಬ ಅಣು. ಅದನ್ನು ಚುಚ್ಚಿದಾಗ ಬೊಜ್ಜಿನ ಇಲಿಗಳು ಮುಂದಿನ ಹನ್ನೆರಡು ಗಂಟೆ ಅರ್ಧದಷ್ಟೇ ತಿಂದವು. ಓಡಿದ ರೇಸ್ ಕುದುರೆಗಳ ರಕ್ತದಲ್ಲೂ, ಓಡಿದ ಮನುಷ್ಯರ ರಕ್ತದಲ್ಲೂ ಅದು ಏರುತ್ತದೆ. ಮಾತ್ರೆಯಾಗಿ ಬರಲು ದೂರವಿದೆ. ಬಂದಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಮಾರಿದರೆ ಕೊಳ್ಳಬೇಡಿ.

ಬಿರುಸಾಗಿ ಓಡಲಾಗದವರು ನಿರಾಶರಾಗಬೇಕಿಲ್ಲ. ಚುರುಕು ನಡಿಗೆ ಘ್ರೆಲಿನ್ ಅನ್ನು ಇಳಿಸುವುದಿಲ್ಲ, ನಿಜ. ಆದರೆ ಆ ದಿನ ಅದು ಹಸಿವನ್ನು ಏರಿಸುವುದೂ ಇಲ್ಲ ಎಂದು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ಅಲ್ಲಿನ ಡೇವಿಡ್ ಸ್ಟೆನ್ಸೆಲ್ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪಥ್ಯ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಅದರಲ್ಲಿದ್ದವರು ಹೆಂಗಸರು. ಒಂದು ದಿನ ಊಟ ಕಡಿತ ಮಾಡಿಸಿ, ಇನ್ನೊಂದು ದಿನ ಟ್ರೆಡ್‌ಮಿಲ್ ಮೇಲೆ ಓಡಿಸಿ, ಎರಡೂ ದಿನ ಅಷ್ಟೇ ಕ್ಯಾಲರಿಯ ಕೊರತೆ ಉಂಟುಮಾಡಿದರು. ಆಮೇಲೆ ಬೇಕಾದಷ್ಟು ತಿನ್ನಿ ಎಂದು ಬಫೆ ಬಡಿಸಿದರು. ಊಟ ಕಡಿಮೆ ಮಾಡಿದ ದಿನ ಸರಾಸರಿ 944 ಕ್ಯಾಲರಿ ತಿಂದರು, ವ್ಯಾಯಾಮದ ದಿನ 660. ಕೊರತೆ ಒಂದೇ; ಊಟ ಕಸಿದಾಗ ದೇಹ ಕೂಡಲೇ ಸಿಟ್ಟಾಗುತ್ತದೆ, ದುಡಿಸಿದಾಗ ಅಷ್ಟು ಬೇಗ ಆಗುವುದಿಲ್ಲ. "ಎಕ್ಸರ್‌ಸೈಜ್ ಮಾಡಿದರೆ ಹೆಂಗಸರಿಗೆ ಹಸಿವು ಜಾಸ್ತಿ" ಎಂದು ಹೆದರಿಸುವವರಿಗೂ ಇದೇ ಉತ್ತರ.

ದೇಹದಿಂದ ದೇಹಕ್ಕೆ ವ್ಯತ್ಯಾಸ ಮಾತ್ರ ಬಹಳ. ನೀಲ್ ಕಿಂಗ್ ಮತ್ತು ಸಂಗಡಿಗರು 35 ಜನರಿಗೆ ಹನ್ನೆರಡು ವಾರ, ವಾರಕ್ಕೆ ಐದು ದಿನ, ಎದುರಿಗೇ ನಿಂತು ವ್ಯಾಯಾಮ ಮಾಡಿಸಿದರು. 2008ರ ಆ ವರದಿಯ ಪ್ರಕಾರ ಸರಾಸರಿ ಇಳಿದದ್ದು 3.7 ಕಿಲೋ. ಒಬ್ಬರು 14.7 ಕಿಲೋ ಕಳೆದುಕೊಂಡರು, ಮತ್ತೊಬ್ಬರು 1.7 ಕಿಲೋ ಗಳಿಸಿದರು! ಹಾಗಾಗಿ ಪಕ್ಕದ ಮನೆಯವರ ಜೊತೆ ತೂಕ ಹೋಲಿಸಿ ನೊಂದುಕೊಳ್ಳುವುದು ಅರ್ಥವಿಲ್ಲದ ಕೆಲಸ.

ದಿನಚರಿಗೆ ಇಳಿಸುವುದು ಹೇಗೆ

ಮೊದಲ ಎರಡು ವಾರ ತೂಕ ನೋಡಬೇಡಿ. ಒಂದು ಪುಟ್ಟ ಪುಸ್ತಕದಲ್ಲಿ ನಡೆದ ಹೊತ್ತು, ಹಸಿವಾದ ಹೊತ್ತು, ತಿಂದದ್ದು, ಇಷ್ಟನ್ನು ಬರೆಯಿರಿ. ಕ್ಯಾಲರಿ ಬೇಡ. ಹಸಿವಾಗದೆ ತಿಂದದ್ದರ ಪಕ್ಕ ಒಂದು ಗುರುತು ಹಾಕಿ. ಬಹುಮಂದಿಯ ಪುಸ್ತಕದಲ್ಲಿ ಈ ಗುರುತು ಬೀಳುವುದು ಎರಡು ಜಾಗದಲ್ಲಿ: ನಡಿಗೆ ಮುಗಿದ ಕೂಡಲೇ, ಮತ್ತು ಸಂಜೆ ಕಾಫಿಯ ಜೊತೆ. ನಡಿಗೆಯ ನಂತರದ್ದು ಹಸಿವೇ ಅಲ್ಲ, ಕೆಲಸ ಮಾಡಿದ್ದಕ್ಕೆ ನಮಗೆ ನಾವೇ ಕೊಟ್ಟುಕೊಳ್ಳುವ ಕೂಲಿ. ಪಾರ್ಕಿನ ಗೇಟಿನಲ್ಲಿ ಮಾರುವ ಹಣ್ಣಿನ ರಸವೂ ಈ ಕೂಲಿಯ ಲೆಕ್ಕಕ್ಕೇ ಬರುತ್ತದೆ. ಅಗಿಯದೆ ಗುಟುಕರಿಸಿದ ಕ್ಯಾಲರಿಯನ್ನು ಹೊಟ್ಟೆ ಸರಿಯಾಗಿ ಎಣಿಸುವುದಿಲ್ಲ, ಹಣ್ಣನ್ನೇ ತಿನ್ನಿ. ನಡೆದ ಮೇಲೆ ನೀರು ಕುಡಿದು ಮನೆಗೆ ಬಂದು, ಮೊದಲೇ ಯೋಚಿಸಿಟ್ಟ ತಿಂಡಿ ತಿನ್ನುವವರಿಗೆ ಮುಕ್ಕಾಲು ಜಗಳ ಅಲ್ಲೇ ಮುಗಿಯುತ್ತದೆ.

ತಿಂಡಿಯಲ್ಲಿ ಏನಿರಬೇಕು? ನಮ್ಮ ತಟ್ಟೆಯ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ದಿನದ ಕ್ಯಾಲರಿಯಲ್ಲಿ ಶೇ 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದ. ಪ್ರೋಟೀನ್ ಹೆಚ್ಚಿದಷ್ಟೂ ಹೊಟ್ಟೆ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಅದಕ್ಕೆ ಡಬ್ಬಿಯ ಪುಡಿಯೇ ಬೇಕೆಂದಿಲ್ಲ. ಹೆಸರುಕಾಳಿನ ಉಸಲಿ, ಹುರುಳಿ ಸಾರು, ಅವರೆಕಾಳು, ಕೋಸಂಬರಿ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇವೆ. ಕೋಸಂಬರಿಯನ್ನು ಎಲೆಯ ಮೂಲೆಯಿಂದ ಎತ್ತಿ ಬಟ್ಟಲಿಗೆ ಬಡ್ತಿ ಕೊಡಿ. ಅನ್ನ ತಾನಾಗಿ ಒಂದು ಸೌಟು ಇಳಿಯುತ್ತದೆ. ಮುದ್ದೆ ಒಳ್ಳೆಯದೆಂದು ಎರಡು ನುಂಗಿದರೆ ಅದೂ ಪಿಷ್ಟವೇ. ಪೊಟ್ಟಣದ ತಿನಿಸಿನ ಬಗ್ಗೆ ಒಂದೇ ಮಾತು: ಅಮೆರಿಕದ ಕೆವಿನ್ ಹಾಲ್ 2019ರಲ್ಲಿ ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಿದಾಗ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಕೊಟ್ಟ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಮುಕ್ಕಾಲು ಗಂಟೆಯ ನಡಿಗೆ ಕೊಟ್ಟದ್ದು 130 ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಬೆಳಗ್ಗೆಯೋ ಸಂಜೆಯೋ ಎಂಬ ಚರ್ಚೆಗೆ ಹೆಚ್ಚು ಬೆಲೆ ಕೊಡಬೇಡಿ, ತಪ್ಪದೆ ಆಗುವ ಹೊತ್ತೇ ಒಳ್ಳೆಯ ಹೊತ್ತು. ಸಕ್ಕರೆಯ ತೊಂದರೆ ಇರುವವರು ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ಮಹಡಿಯ ಮೇಲೋ ಅಡ್ಡಾಡಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಬೆಳಗ್ಗೆ ಒಂದು ಗಂಟೆ ನಡೆದು ಉಳಿದ ಹೊತ್ತೆಲ್ಲ ಕುರ್ಚಿಗೆ ಅಂಟಿಕೊಂಡರೆ ಮಾತ್ರ ಮೇಯರ್ ಅವರ ಅಂಗಡಿಯವನ ಸಾಲಿಗೇ ಸೇರಿದಂತೆ. ಜೇಮ್ಸ್ ಲೆವಿನ್ 1999ರಲ್ಲಿ 16 ಜನರಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿ ತಿನ್ನಿಸಿದರು. ಒಬ್ಬರ ಮೈಗೆ ಅರ್ಧ ಕಿಲೋಕ್ಕಿಂತ ಕಡಿಮೆ ಕೊಬ್ಬು ಸೇರಿತು, ಇನ್ನೊಬ್ಬರಿಗೆ ನಾಲ್ಕು ಕಿಲೋ ದಾಟಿತು. ಬಚಾವಾದವರು ವ್ಯಾಯಾಮ ಮಾಡಿದವರಲ್ಲ. ಎದ್ದು ಕೂತು, ನಿಂತು, ಓಡಾಡಿ ಚಡಪಡಿಸುತ್ತಲೇ ಇದ್ದವರು. ಫೋನು ಬಂದಾಗ ಎದ್ದು ನಡೆಯಿರಿ, ನೀರಿನ ಬಾಟಲಿಯನ್ನು ಮೇಜಿನಿಂದ ದೂರ ಇಡಿ.

ಈಜುವವರಿಗೊಂದು ಪಿಸುಮಾತು. ತಣ್ಣೀರಿನಲ್ಲಿ ವ್ಯಾಯಾಮ ಮಾಡಿದವರು ಬೆಚ್ಚಗಿನ ನೀರಿನವರಿಗಿಂತ ಶೇ 40ಕ್ಕೂ ಹೆಚ್ಚು ತಿಂದದ್ದು ಫ್ಲಾರಿಡಾದ 2005ರ ಪ್ರಯೋಗವೊಂದರಲ್ಲಿ ಕಂಡಿದೆ. ಕೊಳದಿಂದ ಬಂದ ಮೇಲಿನ ಆ ಭಯಂಕರ ಹಸಿವು ನಿಮ್ಮೊಬ್ಬರದಲ್ಲ. ಈಜು ಬಿಡಬೇಡಿ, ಬೋಂಡಾ ಅಂಗಡಿಯ ದಾರಿ ಬಿಡಿ.

ನಿದ್ದೆಯನ್ನು ಈ ಲೆಕ್ಕದಿಂದ ಹೊರಗಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಷಿಕಾಗೋದ ಎಸ್ರಾ ತಸಾಲಿ ತಂಡ, ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಜನರಲ್ಲಿ ಅರ್ಧದಷ್ಟು ಜನರಿಗೆ ನಿದ್ದೆ ಹೆಚ್ಚಿಸಲು ಹೇಳಿಕೊಟ್ಟಿತು. ಸರಾಸರಿ 1.2 ಗಂಟೆ ಹೆಚ್ಚು ಮಲಗಿದ ಅವರು, ಉಳಿದರ್ಧ ಜನರಿಗಿಂತ ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದರು, ಪಥ್ಯ ಹೇಳಿರಲಿಲ್ಲ. ಐದು ಗಂಟೆಗೆ ಎದ್ದು ನಡೆಯಬೇಕೆಂದು ಹನ್ನೆರಡಕ್ಕೆ ಮಲಗುವವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದಾರೆ.

ತೂಕದ ಯಂತ್ರಕ್ಕಿಂತ ಟೇಪು ನಂಬಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮದೇ ದೇಹಗಳ ಲೆಕ್ಕ ಪ್ರಕಟಿಸಿದರು: ಇಬ್ಬರ ಬಿಎಂಐ ಒಂದೇ, 22.3, ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ತೆಳ್ಳಗೆ ಕಾಣುವ ನಮ್ಮವರ ಒಳಗೆ ಕೊಬ್ಬು ಹೀಗೆ ಅಡಗಿರುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಬೊಜ್ಜು ಎಂಬ ಮಿತಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗಿರಬೇಕು. ಇಂಡಿಯಾಬ್ ಸಮೀಕ್ಷೆಯ 2023ರ ವರದಿಯಲ್ಲಿ ವಯಸ್ಕರ ಪೈಕಿ ಶೇ 39.5 ಜನರಿಗೆ ಹೊಟ್ಟೆಯ ಬೊಜ್ಜು ಇತ್ತು. ಅಳೆಯುವುದು ಪ್ಯಾಂಟು ಕಟ್ಟುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಎಳೆದುಕೊಳ್ಳದೆ. ತೂಕ ಒಂದು ಕಿಲೋ ಇಳಿಯದಿದ್ದರೂ ವ್ಯಾಯಾಮ ಮಾಡುವವರ ಕರುಳಿನ ಸುತ್ತಲಿನ ಕೊಬ್ಬು ಕರಗುವುದು ಸ್ಕ್ಯಾನ್‌ಗಳಲ್ಲಿ ಮತ್ತೆಮತ್ತೆ ಕಂಡಿದೆ. ನಮ್ಮ ದೂರುದಾರರ ಮೂರು ತಿಂಗಳು ಅಲ್ಲಿ ಜಮೆಯಾಗಿರಬಹುದು.

ಇನ್ನು ಚುಚ್ಚುಮದ್ದು. ಜಿಎಲ್‌ಪಿ-1 ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್, ಅದರ ಜೊತೆ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ ಚುಚ್ಚುಮದ್ದುಗಳು 2025ರಿಂದ ನಮ್ಮ ಪೇಟೆಯಲ್ಲೂ ಬೊಜ್ಜಿಗೆ ಸಿಗುತ್ತಿವೆ. ಹಸಿವನ್ನು ಅವು ಜೋರಾಗಿಯೇ ಇಳಿಸುತ್ತವೆ, ತೂಕವನ್ನೂ. ನಿಲ್ಲಿಸಿದರೆ ಎರಡೂ ಮರಳುತ್ತವೆ. ಕೋಪನ್‌ಹೇಗನ್ನಿನ ಸಂಶೋಧಕರು ಇದೇ ಬಗೆಯ ಹಳೆಯ ಔಷಧ ಲಿರಾಗ್ಲುಟೈಡ್ ಅನ್ನು 195 ಜನರ ಅಧ್ಯಯನದಲ್ಲಿ ನೋಡಿದಾಗ, ಔಷಧದ ಜೊತೆ ವ್ಯಾಯಾಮವನ್ನೂ ಮಾಡಿದವರು ಔಷಧ ನಿಲ್ಲಿಸಿದ ಒಂದು ವರ್ಷದ ಮೇಲೂ ಬರೀ ಔಷಧ ತೆಗೆದುಕೊಂಡವರಿಗಿಂತ ತೂಕವನ್ನು ಚೆನ್ನಾಗಿ ಹಿಡಿದಿಟ್ಟುಕೊಂಡಿದ್ದರು. ತೂಕ ಬೇಗ ಇಳಿಯುವಾಗ ಸ್ನಾಯುವೂ ಕರಗುತ್ತದೆ. ಆದ್ದರಿಂದ ಚುಚ್ಚುಮದ್ದು ತೆಗೆದುಕೊಳ್ಳುವವರು ವಾರಕ್ಕೆ ಎರಡು ದಿನವಾದರೂ ಡಂಬೆಲ್ಸ್, ಬೈಠಕ್, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವಂಥ ಬಲದ ವ್ಯಾಯಾಮ ಮಾಡಲೇಬೇಕು.

ವೈದ್ಯರನ್ನು ಮೊದಲೇ ಕಾಣಬೇಕಾದವರು ಯಾರು? ಎದೆನೋವು, ನಡೆದರೆ ಏದುಸಿರು ಇರುವವರು ಸರಿಯೇ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ, ಅದರಲ್ಲೂ ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದ ದಿನ ಬಿರುಸಾಗಿ ನಡೆಯಬಾರದು. ಸಕ್ಕರೆ ಕುಸಿದಾಗಿನ ಹಸಿವು ಬೇರೆಯೇ: ಕೈ ನಡುಗುತ್ತದೆ, ಬೆವರುತ್ತದೆ, ತಲೆ ಮಂಕಾಗುತ್ತದೆ. ಆಗ ಲೆಕ್ಕ ಹಾಕುತ್ತಾ ಕೂರದೆ ಮೂರು ಚಮಚ ಸಕ್ಕರೆಯನ್ನೋ ಗ್ಲುಕೋಸನ್ನೋ ನೀರಿಗೆ ಹಾಕಿ ಕುಡಿಯಬೇಕು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಜೇಬಿನಲ್ಲಿ ಒಂದು ಗ್ಲುಕೋಸ್ ಪೊಟ್ಟಣ ಇಟ್ಟುಕೊಂಡೇ ಹೊರಡಿ. ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಒಂದಿದೆ. ಹಸಿವು ವಿಪರೀತ, ಊಟವೂ ಹೆಚ್ಚು, ಆದರೂ ತೂಕ ತಾನಾಗಿ ಇಳಿಯುತ್ತಿದೆ ಎಂದಾದರೆ ನಡಿಗೆ ಫಲ ಕೊಟ್ಟಿತೆಂದು ಹಿಗ್ಗಬೇಡಿ. ಆ ವಾರವೇ ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ.